ಜ್ವಾಲಾ ಪರೀಕ್ಷೆಯಲ್ಲಿ ಬೇರಿಯಂ, ಸ್ಟ್ರಾಂಷಿಯಂ, ಕ್ಯಾಲ್ಸಿಯಂ ಮೂರೂ ಹಳದಿಯನ್ನೇ ತೋರಿಸುತ್ತಿವೆ: ಕಾರಣವೇನು?

ಲವಣ_ಪ್ರಯೋಗಾಲಯ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ಹತ್ತಿರವಾಗಿದೆ, ಆದರೆ ಲವಣ ವಿಶ್ಲೇಷಣೆಯ ಜ್ವಾಲಾ ಪರೀಕ್ಷೆ (ಆಮ್ಲದಲ್ಲಿ ಕಲಸಿದ ಲವಣವನ್ನು ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿದು, ಬಣ್ಣದಿಂದ ಅದರ ಲೋಹವನ್ನು ಗುರುತಿಸುವುದು) ಮಾತ್ರ ದಾರಿಗೆ ಬರುತ್ತಿಲ್ಲ. ಬೇರಿಯಂ ಕ್ಲೋರೈಡ್ ಕೊಟ್ಟರೂ ಹಳದಿ, ಸ್ಟ್ರಾಂಷಿಯಂ ನೈಟ್ರೇಟ್ ಕೊಟ್ಟರೂ ಹಳದಿ, ಕ್ಯಾಲ್ಸಿಯಂ ಕಾರ್ಬೊನೇಟ್ ಕೊಟ್ಟರೂ ಹಳದಿ. ಪುಸ್ತಕದಲ್ಲಿ ಬೇರಿಯಮ್ಮಿಗೆ ಸೇಬಿನ ಹಸಿರು ಎಂದು ಓದಿಕೊಂಡು ಬಂದ ವಿದ್ಯಾರ್ಥಿಗಳು ಜ್ವಾಲೆಯಲ್ಲಿ ಆ ಹಸಿರನ್ನು ಕಾಣದೆ, ಈ ಮೂರು ಲೋಹಗಳು ಸೇರಿರುವ ಐದನೇ ಗುಂಪಿನ ಪರೀಕ್ಷೆ ಮುಗಿದ ಮೇಲೆ ಅದರ ಫಲವನ್ನು ನೋಡಿಕೊಂಡು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಹಸಿರು ಎಂದು ತುಂಬುತ್ತಿದ್ದಾರೆ. ಕಾಣದ ಬಣ್ಣವನ್ನು ಕಂಡೆನೆಂದು ಬರೆಯುವ ಅಭ್ಯಾಸ ನಮ್ಮ ಪ್ರಯೋಗಾಲಯದಲ್ಲೇ ಬೆಳೆಯುತ್ತಿರುವುದನ್ನು ನಾನು ಸಹಿಸಲಾರೆ.

ತಂತಿ ಶುದ್ಧವಾಗಿದೆ. ಆಮ್ಲ ಹೊಸ ಬಾಟಲಿಯದು. ಲವಣಗಳು ಒಂದರೊಡನೊಂದು ಬೆರೆತಿಲ್ಲ. ಉಳಿದದ್ದೆಲ್ಲವೂ ಎಲ್ಲ ಕಾಲೇಜುಗಳಲ್ಲಿ ಮಾಡುವಂತೆಯೇ ಇದೆ. ಕಾರಣ ಬಲ್ಲವರು ದಯವಿಟ್ಟು ತಿಳಿಸಬೇಕು.

ತಂತಿ_ಕುಣಿಕೆ

ಮೇಡಂ, ನಮಸ್ಕಾರ. ತಂತಿ ಶುದ್ಧವಾಗಿದೆ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸೋಡಿಯಮ್ಮಿನ ಹಳದಿ ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆ, ಆದ್ದರಿಂದ ಜ್ವಾಲೆ ಹಳದಿಯಾಗುತ್ತದೆ ಎಂಬ ದೂರು ಬಂದಾಗಲೆಲ್ಲ ಮೊದಲು ನೋಡಬೇಕಾದದ್ದು ತಂತಿಯನ್ನೇ. ಅದನ್ನು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಜ್ವಾಲೆಯ ಹೊಳಪಿಲ್ಲದ ಅಂಚಿನಲ್ಲಿ ಕೆಂಪಗೆ ಕಾಯಿಸಿ, ಮತ್ತೆ ಅದ್ದಿ, ಮತ್ತೆ ಕಾಯಿಸಿ, ಜ್ವಾಲೆಗೆ ಯಾವ ಬಣ್ಣವೂ ಬಾರದಿರುವವರೆಗೆ ಇದನ್ನು ಮುಂದುವರಿಸಬೇಕು. ತಂತಿ ತೊಳೆಯುವ ಆಮ್ಲ ಒಂದು ವಾಚ್ ಗ್ಲಾಸಿನಲ್ಲಿ (ಆಳವಿಲ್ಲದ ಗಾಜಿನ ತಟ್ಟೆಯಲ್ಲಿ), ಲವಣವನ್ನು ಕಲಸುವ ಆಮ್ಲ ಇನ್ನೊಂದರಲ್ಲಿ ಇರಬೇಕು. ಇಡೀ ಬ್ಯಾಚು ಒಂದೇ ವಾಚ್ ಗ್ಲಾಸಿನಲ್ಲಿ ತಂತಿ ಅದ್ದುತ್ತಿದ್ದರೆ ಆ ಆಮ್ಲವೇ ಲವಣಗಳ ದ್ರಾವಣವಾಗಿರುತ್ತದೆ.

ನಿಮ್ಮ ತಂತಿ ಪ್ಲಾಟಿನಮ್ಮಿನದೋ, ನಿಕಲ್-ಕ್ರೋಮಿಯಂ ಮಿಶ್ರಲೋಹವಾದ ನೈಕ್ರೋಮಿನದೋ? ಹಿಡಿಕೆ ಯಾವುದರದು?

ಲವಣ_ಪ್ರಯೋಗಾಲಯ

ಪ್ಲಾಟಿನಂ ತಂತಿಯೇ, ಗಾಜಿನ ಕಡ್ಡಿಗೆ ಬೆಸೆದದ್ದು. ಎರಡು ವಾಚ್ ಗ್ಲಾಸುಗಳ ಪದ್ಧತಿಯೇ ನಮ್ಮಲ್ಲೂ ಇದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಆಮ್ಲವನ್ನು ಬೇರೆಯಾಗಿಯೇ ಕೊಡುತ್ತೇವೆ.

ತಂತಿ_ಕುಣಿಕೆ

ಹಾಗಾದರೆ ಕಾರಣ ಗಾಜಿನ ಕಡ್ಡಿಯಲ್ಲಿದೆ. ಪ್ರಯೋಗಾಲಯದ ಸಾಧಾರಣ ಗಾಜು ಸೋಡಾ ಗಾಜು, ಅದರ ತೂಕದಲ್ಲಿ ಸುಮಾರು ಏಳನೇ ಒಂದು ಭಾಗ ಸೋಡಿಯಂ ಆಕ್ಸೈಡ್ ಇರುತ್ತದೆ. ತಂತಿ ಮೋಟಾಗಿದ್ದು ಕಡ್ಡಿಯ ತುದಿ ಜ್ವಾಲೆಗೆ ತಾಗಿದರೆ ಅದೊಂದೇ ಸಾಕು, ಜ್ವಾಲೆ ಹಳದಿಯಾಗುತ್ತದೆ. ಜೊತೆಗೆ ಇನ್ನೊಂದನ್ನೂ ಕೇಳಬೇಕು: ಬೊರಾಕ್ಸನ್ನು ಕುಣಿಕೆಯಲ್ಲಿ ಕರಗಿಸಿ ಗಾಜಿನಂಥ ಮಣಿ ಮಾಡಿ ನೋಡುವ ಬೊರಾಕ್ಸ್ ಮಣಿ ಪರೀಕ್ಷೆಗೂ ಇದೇ ತಂತಿಯನ್ನು ಬಳಸುತ್ತೀರಾ? ಬೊರಾಕ್ಸ್ ಎಂದರೆ ಸೋಡಿಯಂ ಟೆಟ್ರಾಬೋರೇಟ್. ಕುಣಿಕೆಯ ಮೂಲೆಯಲ್ಲಿ ಗಾಜಿನಂತೆ ಅಂಟಿಕೊಂಡ ಮಣಿಯ ಚೂರು ಕಣ್ಣಿಗೆ ಕಾಣುವುದಿಲ್ಲ, ಆಮ್ಲದಲ್ಲಿ ಒಮ್ಮೆ ಅದ್ದಿದ ಮಾತ್ರಕ್ಕೆ ಹೋಗುವುದೂ ಇಲ್ಲ.

ನೀಲಿ_ಜ್ವಾಲೆ

ಇಷ್ಟೆಲ್ಲ ತಾಪತ್ರಯ ಪ್ಲಾಟಿನಂ ಹಿಡಿದು ಕುಳಿತದ್ದರಿಂದಲೇ ಬರುತ್ತಿದೆ. ನೈಕ್ರೋಮ್ ತಂತಿಯನ್ನು ತುಂಡು ಮಾಡಿ ಪ್ರತಿ ಲವಣಕ್ಕೂ ಹೊಸ ತುಂಡನ್ನು ಕೊಟ್ಟು, ಬಳಸಿದ್ದನ್ನು ಎಸೆದುಬಿಟ್ಟರೆ ತೊಳೆಯುವ ಪ್ರಶ್ನೆಯೇ ಇರುವುದಿಲ್ಲ. ನಮ್ಮ ವಿಭಾಗದಲ್ಲಿ ಹೀಗೆಯೇ ನಡೆಯುತ್ತಿದೆ.

ತಂತಿ_ಕುಣಿಕೆ

ನೈಕ್ರೋಮ್ ಸಾಂದ್ರ ಆಮ್ಲದಲ್ಲಿ ಅದ್ದಿ ಕಾಯಿಸಿದಂತೆಲ್ಲ ಸವೆಯುತ್ತದೆ, ಅದರ ಮೇಲ್ಮೈ ಒರಟಾಗುತ್ತದೆ, ಒರಟಾದ ಮೇಲ್ಮೈಯಲ್ಲಿ ಹಿಂದಿನ ಲವಣ ಉಳಿದುಕೊಳ್ಳುತ್ತದೆ. ಪ್ಲಾಟಿನಂ 1768 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ, ಹೈಡ್ರೋಕ್ಲೋರಿಕ್ ಆಮ್ಲವೊಂದೇ ಅದನ್ನು ಏನೂ ಮಾಡಲಾರದು. ಚೆನ್ನಾಗಿ ನೋಡಿಕೊಂಡರೆ ಒಂದು ತಂತಿ ಒಬ್ಬ ಉಪನ್ಯಾಸಕರ ಸೇವಾವಧಿಗಿಂತ ಹೆಚ್ಚು ಕಾಲ ಬಾಳುತ್ತದೆ.

ನೀಲಿ_ಜ್ವಾಲೆ

ಸವೆಯುವ ಮೊದಲೇ ಎಸೆಯಬೇಕೆಂದು ನಾನು ಹೇಳಿದ್ದೇನೆ, ಅದನ್ನು ತಾವು ಓದಿದಂತೆ ಕಾಣುವುದಿಲ್ಲ. ಪ್ಲಾಟಿನಮ್ಮಿನ ಬೆಲೆಯನ್ನು ಭರಿಸಲಾರದ ಕಾಲೇಜುಗಳೇ ಹೆಚ್ಚು, ಅವರಿಗೂ ಉಪಯೋಗವಾಗುವ ಸಲಹೆ ಬೇಕು.

ಲವಣ_ಪ್ರಯೋಗಾಲಯ

ತಂತಿಯ ಬೆಲೆಯನ್ನು ಚರ್ಚಿಸಲು ನಾನು ಈ ಪ್ರಶ್ನೆ ಕೇಳಲಿಲ್ಲ. ಬೊರಾಕ್ಸ್ ಮಣಿಗೆ ನಮ್ಮಲ್ಲಿ ಬೇರೆ ತಂತಿಗಳಿವೆ. ಗಾಜಿನ ಕಡ್ಡಿ ಜ್ವಾಲೆಯ ಹತ್ತಿರವೂ ಬರುವುದಿಲ್ಲ. ಅಷ್ಟಕ್ಕೂ ನಿನ್ನೆ ಸಂಜೆ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ಅದೇ ತಂತಿ, ಅದೇ ಆಮ್ಲ, ಅದೇ ಬೇರಿಯಂ ಕ್ಲೋರೈಡ್ ತೆಗೆದುಕೊಂಡು ನಾನೊಬ್ಬಳೇ ಮಾಡಿ ನೋಡಿದೆ. ಹಸಿರು ಸ್ಪಷ್ಟವಾಗಿಯೇ ಬಂತು. ತಂತಿಯ ತಪ್ಪಾಗಿದ್ದರೆ ಸಂಜೆಯೂ ಹಳದಿಯೇ ಬರಬೇಕಿತ್ತಲ್ಲವೇ?

ತಂತಿ_ಕುಣಿಕೆ

ವಿದ್ಯಾರ್ಥಿಗಳು ತಂತಿಯನ್ನು ಬೆರಳಿನಿಂದ ಮುಟ್ಟುತ್ತಾರೆ, ಕುಣಿಕೆಯನ್ನು ಉಗುರಿನಿಂದ ನೇರ ಮಾಡುತ್ತಾರೆ. ಬೆವರಿನಲ್ಲಿ ಉಪ್ಪಿದೆ. ನೀವು ಮಾಡಿದಾಗ ಸರಿಯಾಗಿ ಬಂದು, ಅವರು ಮಾಡಿದಾಗ ಕೆಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ನನ್ನ ಅಭಿಪ್ರಾಯದಲ್ಲಿ ಕಾರಣ ಈಗಲೂ ತಂತಿಯೇ.

ಹೈಸ್ಕೂಲ್_ವಿಜ್ಞಾನ

ತಂತಿಯೇ ಇಲ್ಲದ ದಾರಿಯೂ ಇದೆ, ಮೇಡಂ. ಪಿಂಗಾಣಿ ಬಟ್ಟಲುಗಳಲ್ಲಿ ಒಂದೊಂದು ಲವಣ ಹಾಕಿ, ಮೆಥನಾಲ್ ಸುರಿದು ಹಚ್ಚಿದರೆ ಇಡೀ ತರಗತಿಗೆ ಒಂದೇ ಬಾರಿಗೆ ಎಲ್ಲ ಬಣ್ಣಗಳೂ ಕಾಣುತ್ತವೆ. ಅಂತರಜಾಲದಲ್ಲಿ ಇದರ ಅನೇಕ ವಿಡಿಯೋಗಳಿವೆ.

ನಿವೃತ್ತ_ರಸಾಯನಜ್ಞ

ಈ ಸಲಹೆಯನ್ನು ಯಾರೂ ಅನುಸರಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮೆಥನಾಲಿನ ಆವಿ ಸುಮಾರು 11 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳಬಲ್ಲದು, ಅದರ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಾಣುವುದೇ ಕಷ್ಟ. ಬಟ್ಟಲು ಆರಿತೆಂದು ಭಾವಿಸಿ ಬಾಟಲಿಯಿಂದ ಮತ್ತೆ ಸುರಿದಾಗ ಉರಿ ಬಾಟಲಿಗೇ ನುಗ್ಗಿ, ಬಾಟಲಿಯ ಬಾಯಿಂದ ಎದುರಿಗೆ ಕುಳಿತ ಮಕ್ಕಳ ಮೇಲೆ ಚಿಮ್ಮುತ್ತದೆ. ಅಮೆರಿಕದಲ್ಲಿ ಶಾಲಾ ಮಕ್ಕಳು ಹೀಗೆ ತೀವ್ರವಾಗಿ ಸುಟ್ಟುಕೊಂಡ ಘಟನೆಗಳು ನಡೆದ ಮೇಲೆ ಅಲ್ಲಿನ ಕೆಮಿಕಲ್ ಸೊಸೈಟಿಯ ಸುರಕ್ಷತಾ ಸಮಿತಿ, ತೆರೆದ ಮೇಜಿನ ಮೇಲೆ ಮೆಥನಾಲ್ ಬಳಸಿ ಈ ಪ್ರದರ್ಶನ ಮಾಡುವುದನ್ನು ನಿಲ್ಲಿಸಬೇಕೆಂದು 2014ರಲ್ಲಿ ಎಚ್ಚರಿಕೆ ನೀಡಿತು. ವಿಡಿಯೋದಲ್ಲಿ ಎಷ್ಟೇ ಚೆಂದ ಕಂಡರೂ ಇದು ತರಗತಿಗೆ ತರಬೇಕಾದ ಪ್ರಯೋಗವಲ್ಲ.

ಸೀಳುಕಿಂಡಿ

ಬರಿಗಣ್ಣನ್ನು ನಂಬುವುದನ್ನು ಬಿಟ್ಟರೆ ಅರ್ಧ ತೊಂದರೆ ಕಳೆಯುತ್ತದೆ ಎಂಬುದು ನನ್ನ ಅನುಭವ. ಹಳೆಯ ಡಿವಿಡಿಯ ಒಂದು ತುಂಡು, ರಟ್ಟಿನ ಪೆಟ್ಟಿಗೆ, ಕ್ಷೌರದ ಎರಡು ಬ್ಲೇಡುಗಳ ಅಂಚುಗಳ ನಡುವೆ ಬಿಟ್ಟ ಸೀಳು, ಇಷ್ಟರಿಂದ ನಾನು ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಕಟ್ಟಿಕೊಂಡಿದ್ದೇನೆ. ಹಳದಿ ಎಷ್ಟೇ ತುಂಬಿಕೊಂಡಿದ್ದರೂ ಅದು ರೋಹಿತದಲ್ಲಿ 589 ನ್ಯಾನೋಮೀಟರಿನ ಬಳಿ ಒಂದು ಗೆರೆಯಾಗಿ ಪಕ್ಕಕ್ಕೆ ನಿಲ್ಲುತ್ತದೆ, ಬೇರಿಯಮ್ಮಿನ ಹಸಿರು ಪಟ್ಟಿಗಳು ತಮ್ಮ ಜಾಗದಲ್ಲಿ ತಾವು ಕಾಣುತ್ತವೆ. ಸ್ಟ್ರಾಂಷಿಯಮ್ಮಿಗೆ ಕೆಂಪು ಪಟ್ಟಿಗಳ ಜೊತೆಗೆ 460.7 ನ್ಯಾನೋಮೀಟರಿನಲ್ಲಿ ಒಂದು ನೀಲಿ ಗೆರೆಯಿದೆ, ಅದು ಕಂಡಿತೆಂದರೆ ಕ್ಯಾಲ್ಸಿಯಮ್ಮಿನೊಡನೆ ಗೊಂದಲವೇ ಇಲ್ಲ. ಸೋಡಿಯಮ್ಮಿನ ಜೋಡಿ ಗೆರೆಗಳನ್ನೂ ನನ್ನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ನೋಡಿದ್ದೇನೆ.

ನೀಲಿ_ಜ್ವಾಲೆ

589.0 ಮತ್ತು 589.6 ನ್ಯಾನೋಮೀಟರಿನ ಗೆರೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬೇರ್ಪಡಿಸಿ ನೋಡಿದ್ದೇನೆಂದರೆ ನಂಬುವುದು ಕಷ್ಟ. ಅದಕ್ಕೆ ಪದವಿ ಕಾಲೇಜಿನ ಸ್ಪೆಕ್ಟ್ರೋಮೀಟರ್ ಬೇಕು.

ಸೀಳುಕಿಂಡಿ

ಲೆಕ್ಕ ಹಾಕಿ ನೋಡಿ. ಆ ಎರಡು ಗೆರೆಗಳನ್ನು ಬೇರ್ಪಡಿಸಲು ಮೊದಲ ಶ್ರೇಣಿಯಲ್ಲಿ ಸುಮಾರು ಸಾವಿರ ಗೀರುಗಳ ಮೇಲೆ ಬೆಳಕು ಬಿದ್ದರೆ ಸಾಕು. ಡಿವಿಡಿಯಲ್ಲಿ ಗೀರುಗಳ ನಡುವಿನ ಅಂತರ 0.74 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲೇ 1350ರಷ್ಟು ಗೀರುಗಳು ಸಿಗುತ್ತವೆ. ತಡೆಯಾಗುವುದು ಸೀಳಿನ ಅಗಲ ಮಾತ್ರ. 30 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಸೀಳು 0.2 ಮಿಲಿಮೀಟರಿಗಿಂತ ಕಿರಿದಾಗಿದ್ದು, ಬ್ಲೇಡುಗಳು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಜೋಡಿ ಗೆರೆಗಳು ಕಾಣಲೇಬೇಕು. ಸಿ.ಡಿ.ಯ ಗೀರುಗಳ ಅಂತರ 1.6 ಮೈಕ್ರೋಮೀಟರ್ ಆದ್ದರಿಂದ ಅದರಲ್ಲಿ ಗೆರೆಗಳು ಇಷ್ಟು ದೂರ ಸರಿಯುವುದಿಲ್ಲ. ಈಗ ಮೂರನೆಯ ಪೆಟ್ಟಿಗೆಗೆ ಅಳತೆಪಟ್ಟಿಯನ್ನೂ ಜೋಡಿಸುತ್ತಿದ್ದೇನೆ.

ನಿವೃತ್ತ_ರಸಾಯನಜ್ಞ

ರೋಹಿತದರ್ಶಕದ ಮಾತು ಒಳ್ಳೆಯದೇ, ಅದಕ್ಕೆ ಮತ್ತೆ ಬರೋಣ. ಆದರೆ ಉಪನ್ಯಾಸಕಿಯವರು ನಡುವೆ ಹೇಳಿದ ಒಂದು ಮಾತನ್ನು ಎಲ್ಲರೂ ದಾಟಿಕೊಂಡು ಹೋಗಿದ್ದೀರಿ. ತರಗತಿ ನಡೆಯುವಾಗ ಹಳದಿ, ತರಗತಿ ಮುಗಿದ ಮೇಲೆ ಹಸಿರು. ತಂತಿ, ಆಮ್ಲ, ಲವಣ ಮೂರೂ ಬದಲಾಗಿಲ್ಲ. ಬದಲಾದದ್ದು ಕೋಣೆ.

ಮೇಡಂ, ಕೆಲವು ವಿಷಯಗಳನ್ನು ತಿಳಿಸಿ. ಒಬ್ಬರು ಜ್ವಾಲಾ ಪರೀಕ್ಷೆ ಮಾಡುವಾಗ ಅದೇ ಕೋಣೆಯಲ್ಲಿ ಉಳಿದವರು ಏನು ಮಾಡುತ್ತಿರುತ್ತಾರೆ? ಫ್ಯಾನುಗಳು ತಿರುಗುತ್ತಿರುತ್ತವೆಯೇ? ತಂತಿಯನ್ನು ತರುವ ಮೊದಲು, ಏನನ್ನೂ ಹಿಡಿಯದ ಬರ್ನರಿನ ಜ್ವಾಲೆಯನ್ನು ತರಗತಿಯ ನಡುವೆ ಯಾರಾದರೂ ಗಮನವಿಟ್ಟು ನೋಡಿದ್ದಾರೆಯೇ?

ಲವಣ_ಪ್ರಯೋಗಾಲಯ

ಸರ್, ಎಲ್ಲ ಕಡೆಯಂತೆ ಒಂದು ಬ್ಯಾಚಿನವರೆಲ್ಲ ಒಟ್ಟಿಗೆ ಲವಣ ವಿಶ್ಲೇಷಣೆ ಮಾಡುತ್ತಾರೆ. ಬರ್ನರುಗಳು ಕಡಿಮೆ ಇರುವುದರಿಂದ ಅರ್ಧ ಜನ ಪ್ರಾಥಮಿಕ ಪರೀಕ್ಷೆಗಳಲ್ಲಿದ್ದರೆ ಉಳಿದರ್ಧ ಜನ ಋಣ ಅಯಾನುಗಳಿಗಾಗಿ ಸೋಡಿಯಂ ಕಾರ್ಬೊನೇಟ್ ಎಕ್ಸ್‌ಟ್ರಾಕ್ಟ್ ಕುದಿಸುತ್ತಿರುತ್ತಾರೆ. ಒಂದೇ ಮೇಜಿನಲ್ಲಿ ಎದುರುಬದುರು ನಿಂತಿರುತ್ತಾರೆ. ಸೆಕೆಗೆ ಫ್ಯಾನು ಹಾಕಲೇಬೇಕು. ಆವಿಯನ್ನು ಹೊರಕ್ಕೆಳೆಯುವ ಫ್ಯೂಮ್ ಹುಡ್ ನಮ್ಮಲ್ಲಿಲ್ಲ. ಬರಿಯ ಜ್ವಾಲೆಯನ್ನು ಬೆಳಗ್ಗೆ ಹಚ್ಚಿದಾಗ ನೋಡಿದ್ದೇನೆ, ನೀಲಿಯಾಗಿಯೇ ಇತ್ತು. ಇವೆಲ್ಲ ಸಾಮಾನ್ಯ ಸಂಗತಿಗಳೆಂದು ಮೊದಲು ಬರೆದಿರಲಿಲ್ಲ.

ನಿವೃತ್ತ_ರಸಾಯನಜ್ಞ

ನಿಮ್ಮ ಹಳದಿ ಬರುತ್ತಿರುವುದು ಎದುರಿನ ವಿದ್ಯಾರ್ಥಿಯ ಕುದಿಯುವ ಬಟ್ಟಲಿನಿಂದ.

ಎಕ್ಸ್‌ಟ್ರಾಕ್ಟಿಗೆ ಒಂದು ಗ್ರಾಂ ಲವಣಕ್ಕೆ ಸುಮಾರು ಮೂರು ಗ್ರಾಂ ಸೋಡಿಯಂ ಕಾರ್ಬೊನೇಟ್ ಬೆರೆಸಿ, ನೀರು ಹಾಕಿ ಕುದಿಸುತ್ತೇವೆ. ಕುದಿಯುವಾಗ ಒಡೆಯುವ ಪ್ರತಿಯೊಂದು ಗುಳ್ಳೆಯೂ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಗಾಳಿಗೆ ಎಸೆಯುತ್ತದೆ, ಆ ಹನಿಗಳ ನೀರು ಆರಿ ಸೋಡಿಯಂ ಕಾರ್ಬೊನೇಟಿನ ಧೂಳು ಉಳಿಯುತ್ತದೆ, ಫ್ಯಾನು ಅದನ್ನು ಕೋಣೆಯ ತುಂಬ ಹರಡುತ್ತದೆ. ಬನ್ಸೆನ್ ಬರ್ನರ್ ಉರಿಯುವುದೇ ಬುಡದ ಗಾಳಿರಂಧ್ರದಿಂದ ಕೋಣೆಯ ಗಾಳಿಯನ್ನು ಒಳಕ್ಕೆಳೆದುಕೊಂಡು. ಆದ್ದರಿಂದ ಜ್ವಾಲೆಯೊಳಕ್ಕೆ ಸೋಡಿಯಂ ನೇರವಾಗಿ ಹೋಗುತ್ತಿದೆ, ತಂತಿಯನ್ನು ಎಷ್ಟು ತೊಳೆದರೂ ಅದು ನಿಲ್ಲುವುದಿಲ್ಲ.

ಇಷ್ಟು ಅಲ್ಪ ಪ್ರಮಾಣ ಸಾಕೇ ಎಂದು ಯಾರಿಗಾದರೂ ಅನುಮಾನ ಬಂದರೆ, ಈ ಪರೀಕ್ಷೆಗೆ ಅಡಿಪಾಯ ಹಾಕಿದವರೇ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬನ್ಸೆನ್ ಮತ್ತು ಗುಸ್ತಾವ್ ಕಿರ್ಕಾಫ್ ಸುಮಾರು 60 ಘನ ಮೀಟರ್ ಗಾಳಿಯಿದ್ದ ಕೋಣೆಯ ಒಂದು ಮೂಲೆಯಲ್ಲಿ ಜ್ವಾಲೆಯನ್ನಿಟ್ಟು, ಅದರಿಂದ ಅತಿ ದೂರದ ಮೂಲೆಯಲ್ಲಿ ಕೇವಲ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯೊಡನೆ ಬೆರೆಸಿ ಸಿಡಿಸಿದರು. ಕೆಲವು ನಿಮಿಷಗಳಲ್ಲಿ ಜ್ವಾಲೆ ಹಳದಿಯಾಗಿ ಸೋಡಿಯಮ್ಮಿನ ಗೆರೆಯನ್ನು ಬಲವಾಗಿ ತೋರಿಸಿತು, ಅದು ಪೂರ್ತಿ ಮಾಯವಾಗಲು ಹತ್ತು ನಿಮಿಷ ಬೇಕಾಯಿತು. ಒಂದು ಮಿಲಿಗ್ರಾಮಿನ ಮೂವತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಸೋಡಿಯಂ ಲವಣವನ್ನೂ ಕಣ್ಣು ಹೀಗೆ ಗುರುತಿಸಬಲ್ಲದೆಂದು ಅವರು ಲೆಕ್ಕ ಹಾಕಿ 1860ರಲ್ಲಿ ಪ್ರಕಟಿಸಿದರು. ಅವರು ಇಡೀ ಕೋಣೆಗೆ ಬಳಸಿದ್ದು 3 ಮಿಲಿಗ್ರಾಂ. ನಿಮ್ಮ ಒಬ್ಬೊಬ್ಬ ವಿದ್ಯಾರ್ಥಿಯ ಮುಂದೆ ಅದರ ಸಾವಿರ ಪಟ್ಟು ಕುದಿಯುತ್ತಿದೆ.

ಬಣ್ಣದ ಗಾಜುಗಳನ್ನೂ ಬಣ್ಣದ ದ್ರಾವಣಗಳನ್ನೂ ಕಣ್ಣಿಗೆ ಅಡ್ಡ ಹಿಡಿದು ಜ್ವಾಲೆಗಳನ್ನು ವಿಂಗಡಿಸಲು ಶ್ರಮಿಸುತ್ತಿದ್ದ ಬನ್ಸೆನ್‌ಗೆ ಪಟ್ಟಕವನ್ನು (ಪ್ರಿಸಂ) ಬಳಸಬಾರದೇಕೆ ಎಂದು ಸೂಚಿಸಿದವರು ಕಿರ್ಕಾಫ್. ಸೀಳುಕಿಂಡಿಯವರ ಪೆಟ್ಟಿಗೆ ಆ ದಾರಿಯದೇ, ಆ ದಾರಿಯಲ್ಲೇ ಅವರಿಬ್ಬರಿಗೆ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ದೊರೆತವು.

ಈಗ ಮಾಡಬೇಕಾದದ್ದು: ನಾಳೆ ತರಗತಿಯ ನಡುವೆ ಏನನ್ನೂ ಹಿಡಿಯದೆ ಬರ್ನರಿನ ಜ್ವಾಲೆಯೊಂದನ್ನೇ ಕಪ್ಪು ಹಿನ್ನೆಲೆಯ ಮುಂದೆ ನೋಡಿ. ಅದರ ತುದಿಯಲ್ಲಿ ಹಳದಿ ಗೀರುಗಳು ಮಿನುಗಿದರೆ ಕಾರಣ ಖಚಿತ. ಅನಂತರ ಜ್ವಾಲಾ ಪರೀಕ್ಷೆಗೆ ಒಂದು ಮೇಜನ್ನು ಬೇರೆ ಮಾಡಿ, ಸಾಧ್ಯವಿದ್ದರೆ ತೂಕದ ಕೋಣೆಯಲ್ಲೋ ಗಾಳಿ ಒಳಬರುವ ಕಿಟಕಿಯ ಬಳಿಯೋ ಇಡಿ. ಎಕ್ಸ್‌ಟ್ರಾಕ್ಟ್ ಕುದಿಸಿದ ಬರ್ನರನ್ನು ಅಲ್ಲಿಗೆ ಒಯ್ಯಬೇಡಿ, ಅದರ ಕೊಳವೆಯ ಬಾಯಲ್ಲಿ ಉಕ್ಕಿ ಒಣಗಿದ ಕಾರ್ಬೊನೇಟ್ ಅಂಟಿರುತ್ತದೆ.

ತಂತಿ_ಕುಣಿಕೆ

ಸರ್, ಇತಿಹಾಸವನ್ನು ಒಪ್ಪುತ್ತೇನೆ. ಆದರೆ ಬನ್ಸೆನ್ ಮತ್ತು ಕಿರ್ಕಾಫ್ ನೋಡಿದ್ದು ರೋಹಿತದರ್ಶಕದಲ್ಲಿ. ಗಾಳಿಯ ಸೋಡಿಯಂ ಬರಿಗಣ್ಣಿಗೆ ಬೇರಿಯಮ್ಮಿನ ಹಸಿರನ್ನು ಪೂರ್ತಿ ಮುಚ್ಚುವಷ್ಟು ಇರುತ್ತದೆಯೇ? ತಂತಿಯ ಕೊಳೆಯೂ ಸೇರಿದರೆ ಮಾತ್ರ ಹಾಗಾಗಬೇಕು ಎಂಬುದು ನನ್ನ ವಾದ.

ನಿವೃತ್ತ_ರಸಾಯನಜ್ಞ

ಅದು ನ್ಯಾಯವಾದ ಪ್ರಶ್ನೆ. ಬರಿಗಣ್ಣಿಗೆ ಮುಚ್ಚಬೇಕಾದರೆ ರೋಹಿತದರ್ಶಕಕ್ಕೆ ಕಾಣುವುದಕ್ಕಿಂತ ಬಹಳ ಹೆಚ್ಚು ಸೋಡಿಯಂ ಬೇಕು. ಎದುರುಬದುರು ನಿಂತು ಕುದಿಸುವಾಗ ಹನಿಗಳು ಪಕ್ಕದ ವಾಚ್ ಗ್ಲಾಸಿನ ಆಮ್ಲಕ್ಕೂ ಲವಣಕ್ಕೂ ಬೀಳುತ್ತವೆ ಎಂಬುದನ್ನು ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ವಾಚ್ ಗ್ಲಾಸುಗಳನ್ನು ಮುಚ್ಚಿಡಲು ಹೇಳಬೇಕೆಂದಿದ್ದೆ, ಈಗ ಹೇಳುತ್ತೇನೆ.

ಲವಣ_ಪ್ರಯೋಗಾಲಯ

ಇಂದಿನ ಬ್ಯಾಚಿನಲ್ಲಿ ನೋಡಿದೆ. ಎಕ್ಸ್‌ಟ್ರಾಕ್ಟ್ ಕುದಿಯಲು ಆರಂಭವಾದ ಸ್ವಲ್ಪ ಹೊತ್ತಿಗೆ ಪಕ್ಕದ ಬರ್ನರಿನ ನೀಲಿ ಜ್ವಾಲೆಯಲ್ಲಿ ಹಳದಿ ಗೀರುಗಳು ಏಳತೊಡಗಿದವು, ಆಗ ಅದರಲ್ಲಿ ತಂತಿಯೂ ಇರಲಿಲ್ಲ, ಲವಣವೂ ಇರಲಿಲ್ಲ. ಒಂದು ಬರ್ನರನ್ನು ಬಿಚ್ಚಿ, ಕೊಳವೆಯನ್ನು ಸಾರರಿಕ್ತ ಆಮ್ಲದಿಂದಲೂ ಬಟ್ಟಿ ಇಳಿಸಿದ ನೀರಿನಿಂದಲೂ ತೊಳೆದು ಒಣಗಿಸಿ, ಪಕ್ಕದ ತೂಕದ ಕೋಣೆಯಲ್ಲಿ ಫ್ಯಾನು ಆರಿಸಿ ಇರಿಸಿದೆವು. ಅಲ್ಲಿ ಬೇರಿಯಂ ಹಸಿರಾಗಿಯೇ ಬಂತು, ಸ್ಟ್ರಾಂಷಿಯಮ್ಮಿನ ಕಡುಗೆಂಪನ್ನು ಕಂಡು ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕರೆದು ತೋರಿಸಿದರು. ತುಂಬಾ ಧನ್ಯವಾದಗಳು, ಸರ್.

ಆದರೆ ಕ್ಯಾಲ್ಸಿಯಂ ಇನ್ನೂ ತೃಪ್ತಿಕರವಾಗಿಲ್ಲ. ಇಟ್ಟಿಗೆಯ ಕೆಂಪು ಬರಬೇಕಾದಲ್ಲಿ ಕಿತ್ತಳೆ ಬಣ್ಣವೊಂದು ಕ್ಷಣಕಾಲ ಮಿಂಚಿ ಹೋಗುತ್ತದೆ.

ಸೀಳುಕಿಂಡಿ

ಮೇಡಂ, ಹಳದಿಯಿಂದ ಅತಿ ಹೆಚ್ಚು ಕೆಡುವುದೇ ಕ್ಯಾಲ್ಸಿಯಂ. ಅದರ ಬಣ್ಣ ಹೆಚ್ಚಾಗಿ ಬರುವುದು ಬಿಡಿ ಪರಮಾಣುವಿನಿಂದಲ್ಲ, ಜ್ವಾಲೆಯೊಳಗೆ ಉಂಟಾಗುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಣುತುಣುಕುಗಳಿಂದ. ಅವುಗಳ ಒಂದು ಪಟ್ಟಿ 622 ನ್ಯಾನೋಮೀಟರಿನ ಸುತ್ತ ಕೆಂಪಿನಲ್ಲಿ, ಇನ್ನೊಂದು 554ರ ಸುತ್ತ ಹಸಿರಿನಲ್ಲಿ ಇದೆ. ಸೋಡಿಯಮ್ಮಿನ 589 ಇವೆರಡರ ನಡುವೆ ಬಂದು ಕೂರುತ್ತದೆ, ಅದರ ಅಲ್ಪಾಂಶ ಉಳಿದಿದ್ದರೂ ಕಣ್ಣಿಗೆ ಎಲ್ಲವೂ ಸೇರಿ ಕಿತ್ತಳೆಯಾಗುತ್ತದೆ. ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಿದರೆ ಹಳದಿ ಸೋಸಿಹೋಗಿ ಕ್ಯಾಲ್ಸಿಯಂ ಹಸಿರಾಗಿ ಕಾಣುತ್ತದೆಂದು ನಿಮ್ಮ ಪ್ರಯೋಗ ಕೈಪಿಡಿಯಲ್ಲೂ ಇದೆ, ಅದೇ ಗಾಜಿನಲ್ಲಿ ಸ್ಟ್ರಾಂಷಿಯಂ ನೇರಳೆಯಾಗಿ ಕಾಣುತ್ತದೆ. ಎರಡು ಕೆಂಪುಗಳನ್ನು ಬೇರ್ಪಡಿಸಲು ವಿದ್ಯಾರ್ಥಿಗಳಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಬಣ್ಣ ಕ್ಷಣಕಾಲವಷ್ಟೇ ಉಳಿಯುವುದಕ್ಕೆ ಕಾರಣ ಬೇರೆ. ಕಾರ್ಬೊನೇಟ್ ಆವಿಯಾಗುವುದಿಲ್ಲ, ಆಮ್ಲ ಸೇರಿ ಆದ ಕ್ಲೋರೈಡ್ ಮಾತ್ರ ಆವಿಯಾಗುತ್ತದೆ. ಅದು ಮುಗಿದೊಡನೆ ತಂತಿಯನ್ನು ಮತ್ತೆ ಆಮ್ಲದಲ್ಲಿ ನೆನೆಸಿ ತರಬೇಕು, ಜ್ವಾಲೆಗೆ ತಾಗಿದ ಮೊದಲ ಕ್ಷಣದಿಂದಲೇ ಕಣ್ಣು ಅಲ್ಲಿರಬೇಕು.

ಲವಣ_ಪ್ರಯೋಗಾಲಯ

ನೀಲಿ ಗಾಜು ನಮ್ಮ ಕಪಾಟಿನಲ್ಲೇ ಇದೆ, ನಾಳೆಯೇ ತೆಗೆಸುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಪರೀಕ್ಷೆಗೆ ಕೊಡುವ ಲವಣಗಳಲ್ಲಿ ಸೀಸದ ನೈಟ್ರೇಟೂ ಇದೆ. ಅದನ್ನು ಇದೇ ತಂತಿಯಲ್ಲಿ ಹಿಡಿಯಬಹುದೇ?

ತಂತಿ_ಕುಣಿಕೆ

ದಯವಿಟ್ಟು ಹಿಡಿಯಬೇಡಿ, ಮೇಡಂ. ಜ್ವಾಲೆಯಲ್ಲಿ ಸೀಸದ ಲವಣ ಅಪಕರ್ಷಣಗೊಂಡು ಲೋಹವಾದರೆ ಅದು ಪ್ಲಾಟಿನಮ್ಮಿನೊಡನೆ ಬೆರೆತು ಬೇಗನೆ ಕರಗುವ ಮಿಶ್ರಲೋಹವಾಗುತ್ತದೆ, ತಂತಿ ತುಂಡಾಗುತ್ತದೆ. ಆರ್ಸೆನಿಕ್, ಆಂಟಿಮನಿ ಲವಣಗಳೂ ಹಾಗೆಯೇ. ಗಾಳಿರಂಧ್ರ ಮುಚ್ಚಿದ, ಮಸಿ ಕಾರುವ ಹಳದಿ ಜ್ವಾಲೆಯಲ್ಲಿ ಪ್ಲಾಟಿನಮ್ಮನ್ನು ಕಾಯಿಸುವುದೂ ಸಲ್ಲದು, ಅದು ಪೆಡಸಾಗುತ್ತದೆ. ವಿದ್ಯಾರ್ಥಿಗೆ ತನ್ನ ಲವಣ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಸೀಸವನ್ನು ಗುರುತಿಸುವ ಮೊದಲನೇ ಗುಂಪಿನ ಪರೀಕ್ಷೆಯಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಿಳಿಯ ಗಷ್ಟು ಬರುವುದಿಲ್ಲವೆಂದು ಖಚಿತವಾಗುವವರೆಗೆ ಪ್ಲಾಟಿನಂ ತಂತಿಯನ್ನು ಕೊಡಬೇಡಿ, ಪ್ರಾಥಮಿಕ ಹಂತದ ಜ್ವಾಲಾ ಪರೀಕ್ಷೆಗೆ ನೀಲಿ ಜ್ವಾಲೆಯವರು ಹೇಳಿದಂತೆ ನೈಕ್ರೋಮ್ ತುಂಡುಗಳನ್ನೇ ಕೊಡಿ. ಐದನೇ ಗುಂಪಿನ ಗಷ್ಟನ್ನು ಜ್ವಾಲೆಯಲ್ಲಿ ದೃಢಪಡಿಸುವ ಹೊತ್ತಿಗೆ ಪ್ಲಾಟಿನಮ್ಮನ್ನು ಹೊರತೆಗೆಯಿರಿ. ತೂಕದ ಕೋಣೆಯ ಬರ್ನರಿನ ಬಳಿ ಒಂದೇ ತಂತಿ ಇಟ್ಟರೂ ಸಾಕಾಗುತ್ತದೆ.